ಆರು ಹಾಸಿಗೆ, ಒಂದು ಬಾಗಿಲು

ಬೇಸಿಗೆ ಶಿಬಿರಕ್ಕೆ ಅರ್ಜಿ ಹಾಕುವ ಮಕ್ಕಳಿಂದ ನಾನು ಕೇಳುವುದು ಒಂದೇ ಚಿತ್ರ. "ನೀನು ಮಲಗುವ ಜಾಗದಲ್ಲಿ ಬೆಳಿಗ್ಗೆ ಕಣ್ಣು ಬಿಟ್ಟಾಗ ಎದುರಿಗೆ ಏನು ಕಾಣುತ್ತದೋ ಅದನ್ನು ಬರೆ. ಬಣ್ಣ ಬೇಕಿಲ್ಲ, ಪೆನ್ಸಿಲ್ ಸಾಕು." ಈ ಪ್ರಶ್ನೆ ನನ್ನದೇ. ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು. ಆ ಜಂಬ ಇಳಿದ ವರ್ಷದ ಮಾತು ಇದು.

ನಮ್ಮದು ಮೈಸೂರಿನಲ್ಲಿ ಪರೀಕ್ಷೆಗಳು ಮುಗಿದ ಮೇಲೆ ಒಂದು ತಿಂಗಳು ನಡೆಯುವ ಶಿಬಿರ. ಹದಿಮೂರರಿಂದ ಹದಿನಾರು ವರ್ಷದ ನಲವತ್ತು ಮಕ್ಕಳು ಒಂದು ಶಾಲೆಯ ಕಟ್ಟಡದಲ್ಲೇ ಉಳಿದು ನಾಟಕ, ಚಿತ್ರ, ಹಾಡು ಕಲಿಯುತ್ತಾರೆ. ಯಾರನ್ನು ಸೇರಿಸಿಕೊಳ್ಳಬೇಕು, ಯಾರಿಗೆ ಫೀಸು ಬಿಡಬೇಕು ಎಂದು ತೀರ್ಮಾನಿಸುವುದು ನನ್ನ ಪಾಲಿನ ಕೆಲಸ. ಮೊದಲು ಆದಾಯದ ಸರ್ಟಿಫಿಕೇಟು ಕೇಳುತ್ತಿದ್ದೆ. ಅದನ್ನು ನಂಬಿದರೆ ಕಾರಿನಲ್ಲಿ ಬಂದಿಳಿಯುವವರೂ ಕಡುಬಡವರೇ. ಆಮೇಲೆ ಈ ಚಿತ್ರ ಶುರುವಾಯಿತು. ಮಲಗಿದ ಮಗುವಿನ ಕಣ್ಣಿಗೆ ಕಾಣುವುದು ಮನೆಯ ಒಳಗುಟ್ಟು. ತಲೆದಿಂಬಿನ ಪಕ್ಕದಲ್ಲೇ ಹೊಲಿಗೆ ಮೆಷಿನ್ನಿನ ಪೆಡಲು ಇದ್ದರೆ, ತಗಡಿನ ಮಾಡಿನ ತೂತಿನಿಂದ ಬೆಳಕು ಬೀಳುತ್ತಿದ್ದರೆ, ಯಾವ ತಹಸೀಲ್ದಾರರ ಸಹಿಯೂ ಬೇಕಾಗುವುದಿಲ್ಲ.

ಕೆಲಸಕ್ಕೆ ಒಂದು ಕ್ರಮ ಇಟ್ಟುಕೊಂಡಿದ್ದೆ. ಚಿತ್ರವನ್ನು ದೊಡ್ಡವರು ತಿದ್ದಬಾರದೆಂದು, ಮಗುವೇ ಅದನ್ನು ಬೇರೆ ಲಕೋಟೆಯಲ್ಲಿಟ್ಟು ಅಂಟು ಹಚ್ಚಿ ಕಳಿಸಬೇಕು. ಪೋಷಕರು ಸಹಿ ಹಾಕುವುದು ಅರ್ಜಿಗೆ ಮಾತ್ರ, ಚಿತ್ರ ಅವರ ಕಣ್ಣಿಗೆ ಬೀಳುವುದಿಲ್ಲ. ಲಕ್ಷ್ಮೀಪುರಂನ ಹಳೇ ಮನೆಯೊಂದರ ಮಹಡಿಯಲ್ಲಿ ನಮ್ಮ ಆಫೀಸು. ಅಲ್ಲಿ ಲಕೋಟೆ ಒಡೆದು, ಪ್ರತಿ ಹಾಳೆಗೂ ನಂಬರು ಹಾಕಿ, ಫೋನಿನಲ್ಲಿ ಫೋಟೊ ತೆಗೆದಿಟ್ಟು, ಹೆಸರನ್ನು ಬೇರೆ ಮಾಡುತ್ತೇನೆ. ನಮ್ಮ ಡ್ರಾಯಿಂಗ್ ಮೇಷ್ಟ್ರು ನಂಬರು ಮಾತ್ರ ನೋಡಿ ಆರಿಸುತ್ತಾರೆ. ಆಯ್ಕೆಯಾದವರಲ್ಲಿ ಫೀಸು ಬಿಡಿ ಎಂದು ಕೇಳಿದವರ ಮನೆಗೆ ನಾನೇ ಹೋಗಿ ನೋಡಿಕೊಂಡು ಬರುತ್ತೇನೆ. ಆಯ್ಕೆಯಾಗದವರ ಚಿತ್ರಗಳನ್ನು, ಕಾರಣ ಬರೆದ ಕಾಗದದ ಜೊತೆ ಪೋಷಕರ ಹೆಸರಿಗೆ ವಾಪಸ್ ಕಳಿಸುತ್ತೇವೆ. ಮಕ್ಕಳ ಚಿತ್ರವನ್ನು ರದ್ದಿಗೆ ಹಾಕುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ, ಅದಕ್ಕೇ ಈ ನಿಯಮ. ಇಷ್ಟು ಚೊಕ್ಕಟವಾದ ಕ್ರಮದಲ್ಲಿ ಎಲ್ಲಿ ತೂತು ಇರಬಹುದು ಎಂದು ನಾನು ಯೋಚಿಸಿಯೇ ಇರಲಿಲ್ಲ.

ಆ ವರ್ಷ ಮಾರ್ಚ್ ತಿಂಗಳ ಮೊದಲ ವಾರ ಹಾಳೆಗಳನ್ನೆಲ್ಲ ಆಫೀಸಿನ ಹಾಲಿನಲ್ಲಿ ನೆಲದ ಮೇಲೆ ಸಾಲಾಗಿ ಹಾಸಿದ್ದೆವು. ಮೇಷ್ಟ್ರು ಕೈ ಹಿಂದೆ ಕಟ್ಟಿಕೊಂಡು ಸಾಲಿನ ನಡುವೆ ಓಡಾಡುತ್ತಿದ್ದವರು ಒಂದು ಕಡೆ ನಿಂತರು. ಆರು ಹಾಳೆಗಳನ್ನು ಎತ್ತಿ ಪಕ್ಕಕ್ಕೆ ಇಟ್ಟರು. ಆರರಲ್ಲೂ ಅದೇ ಕಬ್ಬಿಣದ ಗ್ರಿಲ್ ಗೇಟು. ಗೇಟಿನ ಆಚೆ ಬದಿಯಲ್ಲಿ ನೇತಾಡುವ ದೊಡ್ಡ ಬೀಗ. ಬೀಗದ ಹಿಂದೆ ಕೆಳಗಿಳಿಯುವ ಮೆಟ್ಟಿಲು, ಮೆಟ್ಟಿಲ ಮೇಲೆ ಒತ್ತೊತ್ತಾಗಿ ಡ್ರಮ್ಮುಗಳು.

"ಒಂದೇ ಕೈ ಕಲ್ಸಿರೋದು ಕಣಮ್ಮ ಇದು," ಅಂದರು. "ನಲವತ್ತು ವರ್ಷ ಆಯ್ತು ನಾನು ಕಾಪಿ ಹಿಡಿಯೋಕೆ ಶುರು ಮಾಡಿ. ಎರಡು ಬೆಟ್ಟ, ಮಧ್ಯ ಸೂರ್ಯ, ಒಂದು ನದಿ, ಪಕ್ಕದಲ್ಲಿ ತೆಂಗಿನಮರ. ಯಾವನೋ ಟ್ಯೂಷನ್ ಮೇಷ್ಟ್ರು ಈ ಸಲ ಬೆಟ್ಟದ ಬದ್ಲು ಬೀಗ ಕಲ್ಸಿದಾನೆ, ಅಷ್ಟೆ."

ನನಗೂ ಹಾಗೇ ಅನಿಸಿತು. ಹಾಳೆಗಳಿಂದ ಒಂದು ಥರದ ಘಾಟು ಬರುತ್ತಿತ್ತು, ಗಂಧದಕಡ್ಡಿಯ ಪೊಟ್ಟಣ ಒಡೆದ ಹಾಗೆ. "ದೇವ್ರ ಮುಂದೆ ಇಟ್ಟು ಪೂಜೆ ಮಾಡ್ಸಿ ಕಳ್ಸಿದಾರೆ ಸಾರ್, ಪಾಸ್ ಆಗ್ಲಿ ಅಂತ," ಎಂದು ತಮಾಷೆಯನ್ನೂ ಮಾಡಿದೆ. ಮೇಷ್ಟ್ರು ನಕ್ಕರು. ಹೆಸರುಗಳನ್ನು ತೆಗೆದು ನೋಡಿದರೆ ಆರೂ ಜನ ಮೇಟಗಳ್ಳಿಯ ಒಂದೇ ಹಾಸ್ಟೆಲಿನ ಹುಡುಗಿಯರು, ಒಂದೇ ಶಾಲೆಯ ಒಂಬತ್ತನೇ ಕ್ಲಾಸು. ಆರೂ ಜನ ಪೂರ್ತಿ ಫೀಸು ಬಿಡಿ ಎಂದು ಕೇಳಿದ್ದರು. ಅಷ್ಟು ಗೊತ್ತಾದ ಮೇಲೂ ನನಗೆ ಬುದ್ಧಿ ಬರಲಿಲ್ಲ. ನಕಲಿಗೆ ಇನ್ನೊಂದು ಸಾಕ್ಷಿ ಸಿಕ್ಕಿತು ಎಂದುಕೊಂಡೆ. ಆರು ಹೆಸರುಗಳ ಮುಂದೆ ಕೆಂಪು ಶಾಯಿಯಲ್ಲಿ 'ನಕಲು' ಎಂದು ಬರೆದದ್ದು ನನ್ನ ಕೈಯೇ.

ಶುಕ್ರವಾರ ಪಟ್ಟಿಯನ್ನು, ಆಯ್ಕೆಯಾಗದವರ ಮುಂದೆ ಕಾರಣದ ಸಮೇತ, ಫೋನಿನಲ್ಲಿ ಶಾಲೆಗಳಿಗೆ ಕಳಿಸಿದೆ. ಅವತ್ತೇ ಸಂಜೆ ವಾಪಸ್ ಹೋಗಬೇಕಾದ ಚಿತ್ರಗಳೂ ಅಂಚೆಗೆ ಬಿದ್ದವು. ಆ ಆರು ಚಿತ್ರಗಳು ಒಂದೇ ದೊಡ್ಡ ಲಕೋಟೆಯಲ್ಲಿ, ಅರ್ಜಿಗಳಿಗೆ ಪೋಷಕರ ಜಾಗದಲ್ಲಿ ಸಹಿ ಹಾಕಿದ್ದ ಹಾಸ್ಟೆಲಿನ ವಾರ್ಡನ್ ಹೆಸರಿಗೆ ಹೋದವು.

ಶನಿವಾರ ಬೆಳಿಗ್ಗೆ ಒಂಬತ್ತೂವರೆಗೆ ಒಂದು ಹುಡುಗಿಯ ಫೋನು ಬಂತು. ಯಾರೋ ಟೀಚರ ಫೋನು ಇಸಿದುಕೊಂಡು ಮಾತಾಡುತ್ತಿದ್ದಳು, ಹಿಂದೆ ಶಾಲೆಯ ಗದ್ದಲ ಕೇಳಿಸುತ್ತಿತ್ತು.

"ಮೇಡಂ, ಬೇಸಿಗೆ ಕ್ಯಾಂಪಿನವ್ರಾ? ನಾವು ಕಾಪಿ ಹೊಡ್ದಿಲ್ಲ ಮೇಡಂ."

"ಆರೂ ಒಂದೇ ಥರ ಇದ್ಯಲ್ಲಮ್ಮ."

"ನಾವು ಆರೂ ಜನ ಒಂದೇ ರೂಮಲ್ಲಿ ಮಲಗೋದು ಮೇಡಂ. ಕಣ್ಣು ಬಿಟ್ರೆ ಎಲ್ರಿಗೂ ಅದೇ ಕಾಣೋದು."

ಸಮಾಧಾನ ಮಾಡುವ ಹಾಗೆ, "ಬೇಜಾರು ಮಾಡ್ಕೋಬೇಡಮ್ಮ. ನಿಮ್ಮ ಚಿತ್ರ ಎಲ್ಲಾ ವಾಪಸ್ ಕಳಿಸಿದೀವಿ, ಇವತ್ತು ಬರುತ್ತೆ," ಅಂದೆ.

"ಯಾರ ಹೆಸ್ರಿಗೆ ಮೇಡಂ?" ಅಂದಳು.

"ವಾರ್ಡನ್ ಹೆಸ್ರಿಗೆ."

"ಅಯ್ಯೋ, ಯಾಕ್ ಮೇಡಂ ಕಳ್ಸುದ್ರಿ? ಅಂಟಾಕಿ ಕಳ್ಸಿ, ದೊಡ್ಡೋರು ಯಾರೂ ನೋಡಲ್ಲ ಅಂತ ನೀವೇ ಬರ್ದಿದ್ರಲ್ಲ." ಫೋನು ಕಟ್ಟಾಯಿತು.

ಮೇಷ್ಟ್ರು ಆಗಷ್ಟೇ ಬಂದಿದ್ದರು. ಫೋನಿನಲ್ಲಿದ್ದ ಆರು ಫೋಟೊಗಳನ್ನು ಪ್ರಿಂಟು ತೆಗೆದು ಅವರ ಮುಂದಿಟ್ಟೆ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಒಂದು ಸೀಮೆಸುಣ್ಣ ತಗೊಂಡು ನೆಲದ ಮೇಲೆ ಕೂತು ಒಂದು ಚೌಕ ಎಳೆದರು. "ಇದ್ರಲ್ಲಿ ಬೀಗ ಎಡಕ್ಕೆ ಕಾಣ್ತಿದೆ, ಗೇಟು ಓರೆ ಇದೆ. ಇವ್ಳು ಬಲಗಡೆ ಗೋಡೆ ಹತ್ರ ಮಲಗೋಳು. ಇದ್ರಲ್ಲಿ ಮೂರೇ ಮೆಟ್ಲು ಕಾಣ್ತಿದೆ, ಇವ್ಳು ದೂರದವ್ಳು. ಇದ್ರಲ್ಲಿ ಆರು ಮೆಟ್ಲು, ಡ್ರಮ್ಮಿನ ಮುಚ್ಚಳಾನೂ ಕಾಣುತ್ತೆ, ಇವ್ಳ ಕಾಲು ಗೇಟಿಗೆ ತಾಗ್ಬೇಕು." ಒಂದೊಂದೇ ಹಾಳೆಯನ್ನು ಚೌಕದೊಳಗೆ ಅದರದರ ಜಾಗದಲ್ಲಿ ಇಡುತ್ತಾ ಹೋದರು. ಕಾಪಿ ಹೊಡೆದಿದ್ದರೆ ಆರರಲ್ಲೂ ಬೀಗ ಒಂದೇ ಜಾಗದಲ್ಲಿ ಇರಬೇಕಿತ್ತು. ಒಂದೊಂದರಲ್ಲಿ ಒಂದೊಂದು ಕಡೆ ಇತ್ತು. ಆರು ಹಾಸಿಗೆ ತಮ್ಮ ತಮ್ಮ ಜಾಗದಲ್ಲಿ ಕೂತ ಮೇಲೆ ನೆಲದ ಮೇಲೆ ಒಂದು ಇಡೀ ಕೋಣೆ ತಯಾರಾಯಿತು. ಅದಕ್ಕೆ ಇದ್ದದ್ದು ಒಂದೇ ಬಾಗಿಲು. ಆ ಬಾಗಿಲಿಗೆ ಹೊರಗಿನಿಂದ ಬೀಗ.

ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟರು. "ತಪ್ಪಾಯ್ತಮ್ಮ," ಅಂದರು. ನಲವತ್ತು ವರ್ಷ ಯಾರಿಗೂ ಆ ಮಾತು ಹೇಳದ ಮನುಷ್ಯ ಅವರು. ನಾನು ಸ್ಕೂಟರಿನ ಕೀ ತಗೊಂಡು ಮೆಟ್ಟಿಲಿಳಿದೆ. ಅಂಚೆಯವರಿಗಿಂತ ಮೊದಲು ಮೇಟಗಳ್ಳಿ ಮುಟ್ಟಬೇಕು ಅನ್ನುವುದೊಂದೇ ತಲೆಯಲ್ಲಿತ್ತು.

ಹಾಸ್ಟೆಲ್ ಅನ್ನುವುದು ದೊಡ್ಡ ಮಾತು. ಕಾರ್ಖಾನೆಗಳ ಹಿಂದಿನ ಒಂದು ರಸ್ತೆಯಲ್ಲಿ ಎರಡು ಅಂತಸ್ತಿನ ಕಟ್ಟಡ. ಕೆಳಗೆ ಊದುಬತ್ತಿಗೆ ಪರಿಮಳ ಬೆರೆಸಿ ಪ್ಯಾಕು ಮಾಡುವ ಗೋಡೌನು, ಪಕ್ಕದ ಸಣ್ಣ ಕೋಣೆಯಲ್ಲಿ ವಾರ್ಡನ್, ಮಹಡಿಯ ಒಂದೇ ರೂಮಿನಲ್ಲಿ ಆರು ಹುಡುಗಿಯರು. ರಸ್ತೆಯ ತಿರುವಿನಲ್ಲೇ ಆ ಘಾಟು ಮೂಗಿಗೆ ಬಡಿಯಿತು, ನಾನು ತಮಾಷೆ ಮಾಡಿದ್ದ ಅದೇ ಘಾಟು.

ವಾರ್ಡನ್ ಐವತ್ತರ ಆಸುಪಾಸಿನ ಹೆಂಗಸು, ಹಣೆಯಲ್ಲಿ ವಿಭೂತಿ, ಮೆಲುಮಾತು. ಫೀಸಿನ ವಿಷಯ ವಿಚಾರಿಸಲು ಬಂದೆ ಎಂದೆ. "ಬನ್ನಿ ಮೇಡಂ, ಕೂತ್ಕಳಿ. ಬಿಸಿಲಲ್ಲಿ ಬಂದ್ಬುಟ್ಟಿದೀರ," ಎಂದು ಮಜ್ಜಿಗೆ ಕೊಟ್ಟರು. ಲೋಟ ಅರ್ಧ ಆಗಿತ್ತು. ಅಂಚೆಯವನು ಬಂದ. ನನ್ನ ಕೈಬರಹವಿದ್ದ ಲಕೋಟೆಯನ್ನು ನನ್ನ ಕಣ್ಣೆದುರಿಗೇ ಅವರ ಕೈಗಿತ್ತು ಹೋದ.

"ಅದು ತಪ್ಪಿ ಕಳಿಸಿದ್ದು, ನನಗೇ ವಾಪಸ್ ಕೊಟ್ಟುಬಿಡಿ," ಅಂದೆ.

"ನನ್ನ ಹೆಸ್ರಿಗೆ ಬಂದಿದ್ಯಲ್ಲ ಮೇಡಂ," ಎಂದು ಅವರು ನಿಧಾನವಾಗಿ ಅಂಚು ಹರಿದರು. ಕಾಗದ ಓದಲಿಲ್ಲ. ಆರು ಚಿತ್ರಗಳನ್ನು ಮಡಿಲ ಮೇಲೆ ಇಟ್ಟುಕೊಂಡು ಒಂದಾದ ಮೇಲೊಂದು ನೋಡಿದರು. ಮುಖದಲ್ಲಿ ಏನೂ ಬದಲಾಗಲಿಲ್ಲ. ಸಿಟ್ಟು ಮಾಡಿದ್ದರೆ ನನಗೆ ಅಷ್ಟು ಭಯ ಆಗುತ್ತಿರಲಿಲ್ಲ.

"ಚೆನ್ನಾಗ್ ಬರ್ದಿದಾರೆ. ಎಲ್ಲಾನೂ ಬರ್ದ್ಬುಟ್ಟಿದಾರೆ," ಅಂದರು. "ನಾನು ಎಲ್ಲಿ ಮಲಗ್ತೀನಿ ಅನ್ನೋದೊಂದ್ನ ಬಿಟ್ಟು. ಆ ಮೆಟ್ಲ ಕೆಳ್ಗೇ ಮೇಡಂ ನಾನು ಮಲಗೋದು. ರಾತ್ರಿಯೆಲ್ಲ ಲಾರಿಯವ್ರು ಓಡಾಡೋ ರಸ್ತೆ ಇದು. ಹಿಂದೆ ಒಬ್ಳು ಹೇಳದೇ ಕೇಳದೇ ಹೊರಟೋಗಿ, ಅವ್ರಪ್ಪ ಅಮ್ಮ ಬಂದು ನನ್ನ ಕೊರಳಪಟ್ಟಿ ಹಿಡ್ದಿದ್ರು. ಬೀಗ ಹಾಕಿ ಅಂತ ಹೆತ್ತೋರೇ ಹೇಳಿರೋದು."

ಸುಳ್ಳು ಹೇಳುತ್ತಿರಲಿಲ್ಲ. ಅದೇ ಕಷ್ಟ. ಡ್ರಮ್ಮಿನಲ್ಲಿ ಏನಿದೆ ಎಂದು ಕೇಳಿದೆ. ಪರಿಮಳ ಬೆರೆಸುವ ಎಣ್ಣೆ, ಮೂಟೆಗಳಲ್ಲಿ ಇದ್ದಿಲ ಪುಡಿ. ಗೋಡೌನಿನಲ್ಲಿ ಜಾಗ ಸಾಲದೆ ಮಾಲೀಕರು ಮೆಟ್ಟಿಲ ಮೇಲೆ ಇಡಿಸಿದ್ದಾರೆ, ಬಾಡಿಗೆ ಕಮ್ಮಿ ಅಂತ ತಾವು ಸುಮ್ಮನಿದ್ದೇವೆ ಎಂದರು. ನಾನು ಮೇಲೆ ಹತ್ತಿ ನೋಡಿದೆ. ಮೆಟ್ಟಿಲಿನಲ್ಲಿ ಒಬ್ಬರು ಓರೆಯಾಗಿ ನಡೆಯುವಷ್ಟು ಜಾಗ. ಕಿಟಕಿಗೆ ಕಲ್ಲಿಗೆ ಕೂರಿಸಿದ ಸರಳು. ಕೆಳಗೆ ಬೆಂಕಿ ಹತ್ತಿದರೆ, ಬೀಗದ ಕೈ ಹಿಡಿದ ಆ ಹೆಂಗಸು ಮೇಲೆ ಬರುವ ದಾರಿಯೂ ಅದೇ, ಹುಡುಗಿಯರು ಇಳಿಯುವ ದಾರಿಯೂ ಅದೇ, ಎಣ್ಣೆ ಇರುವ ದಾರಿಯೂ ಅದೇ.

ಅಷ್ಟರಲ್ಲಿ ಶಾಲೆ ಬಿಟ್ಟು ಹುಡುಗಿಯರು ಬಂದರು. ಅವರಲ್ಲಿ ಎಲ್ಲರಿಗಿಂತ ಎತ್ತರದವಳು ನನ್ನ ಹಿಂದೆಯೇ ಮೆಟ್ಟಿಲು ಹತ್ತಿ ಬಂದಳು. ಬಾಯಿ ತೆರೆದ ಕೂಡಲೇ ಬೆಳಿಗ್ಗೆಯ ದನಿ ಗೊತ್ತಾಯಿತು.

"ನೋಡ್ಬುಟ್ರಾ ಅವ್ರು?"

"ನೋಡಿದ್ರು ಕಣಮ್ಮ. ನನ್ನ ತಪ್ಪು."

ಅವಳು ಕೆಳಗೆ ಒಂದು ಸಲ ಬಗ್ಗಿ ನೋಡಿ ಪಿಸುಗುಟ್ಟಿದಳು. "ಮೇಡಂ, ದಮ್ಮಯ್ಯ, ಕಂಪ್ಲೇಂಟ್ ಮಾತ್ರ ಕೊಡ್ಬೇಡಿ. ಹಾಸ್ಟೆಲ್ ಮುಚ್ಸುದ್ರೆ ನಾವು ಊರಿಗೇ ಹೋಗ್ಬೇಕು. ನಮ್ಮೂರು ಎಚ್.ಡಿ. ಕೋಟೆ ಆಚೆ, ಹೈಸ್ಕೂಲಿಲ್ಲ, ದಿನಕ್ಕೊಂದೇ ಬಸ್ಸು. ನಂಗೆ ಎಸ್ಸೆಸ್ಸೆಲ್ಸಿ ಮಾಡ್ಬೇಕು. ಬೀಗ ಒಳ್ಗಡೆ ಹಾಕ್ಸಿ, ಡ್ರಮ್ ತೆಗ್ಸಿ, ಅಷ್ಟೇ ಸಾಕು."

"ಆಯ್ತಮ್ಮ, ಕೊಡಲ್ಲ," ಅಂದೆ. ಅಷ್ಟು ಸಲೀಸಾಗಿ ಮಾತು ಕೊಡುವ ಹಕ್ಕು ನನಗಿದೆಯೇ ಎಂದು ಒಂದು ಗಳಿಗೆಯೂ ಯೋಚಿಸಲಿಲ್ಲ.

ಕೆಳಗೆ ಬಂದು ವಾರ್ಡನ್ನಿಗೆ ಹೇಳಿದೆ. ಸೋಮವಾರದೊಳಗೆ ಮೆಟ್ಟಿಲ ಮೇಲೆ ಒಂದು ಡ್ರಮ್ಮೂ ಇರಬಾರದು, ಬೀಗ ಒಳಗಿನಿಂದ ಇರಬೇಕು. ಅವರು ತಲೆಯಾಡಿಸಿದರು. "ಆಗ್ಲಿ ಮೇಡಂ. ಆರೂ ಜನಕ್ಕೆ ಫೀಸಿಲ್ದೆ ಸೀಟು ಕೊಡ್ತೀರಲ್ವಾ?" ಕೊಡುತ್ತೇನೆ ಅಂದೆ. ಚಿತ್ರಗಳನ್ನು ಮಡಚಿ ನನ್ನ ಕೈಗೇ ಕೊಟ್ಟರು. ಗೆದ್ದೆ ಎಂದುಕೊಂಡು ಸ್ಕೂಟರು ಹತ್ತಿದವಳಿಗೆ ಒಂಟಿಕೊಪ್ಪಲು ದಾಟುವಷ್ಟರಲ್ಲಿ ಲೆಕ್ಕ ಹೊಳೆಯಿತು. ಅಲ್ಲಿ ಇನ್ನೂ ಎರಡು ರಾತ್ರಿ ಇದ್ದವು.

ಭಾನುವಾರ ಪೂರ್ತಿ ಆರು ಸೀಟಿನ ಪತ್ರಗಳನ್ನು ತಯಾರು ಮಾಡುತ್ತಾ ಕೂತಿದ್ದೆ. ಕೈ ಕೆಲಸ ಮಾಡುತ್ತಿತ್ತು, ಕಿವಿ ರಸ್ತೆಯ ಮೇಲಿತ್ತು. ಸಂಜೆ ಬಟ್ಟೆ ತೆಗೆಯಲು ತಾರಸಿಗೆ ಹೋದವಳು ಮೇಟಗಳ್ಳಿಯ ಕಡೆಗೇ ನೋಡುತ್ತ ನಿಂತುಬಿಟ್ಟೆ. ಅತ್ತ ಯಾವುದೋ ಕಾರ್ಖಾನೆಯ ಹೊಗೆ ಎಂದಿನಂತೆ ಏಳುತ್ತಿತ್ತು. ಇಷ್ಟು ವರ್ಷ ಅದನ್ನು ನೋಡಿಯೇ ಇರದ ನಾನು ಅವತ್ತು ಅದು ಕರ್ರಗಿದೆಯೋ ಬೆಳ್ಳಗಿದೆಯೋ ಎಂದು ಲೆಕ್ಕ ಹಾಕಿದೆ. ವಾರ್ಡನ್ನಿಗೆ ಎರಡು ಸಲ ಫೋನು ಮಾಡಿದೆ. ಎರಡು ಸಲವೂ, "ಕೆಲ್ಸ ನಡೀತಾ ಇದೆ ಮೇಡಂ, ನೀವು ನೆಮ್ದಿಯಾಗಿರಿ," ಎಂಬ ಮೆಲುದನಿ. ಮೇಷ್ಟ್ರು ಮಾತ್ರ ಫೋನಿನಲ್ಲಿ ಬೈದರು. "ನೀನು ಅಧಿಕಾರಿಗಳಿಗೆ ಹೇಳ್ಬೇಕಿತ್ತು. ಮಕ್ಕಳು ಕೇಳಿದ್ದೆಲ್ಲ ಕೊಡೋಕಾಗುತ್ತಾ?" ಮಾತು ಕೊಟ್ಟಿದ್ದೇನೆ ಅಂದೆ. "ಮಾತು ಕೊಟ್ಟಿದ್ದು ಮಕ್ಕಳಿಗೆ, ಅಲ್ಲಿರೋದು ಎಣ್ಣೆ," ಎಂದು ಫೋನಿಟ್ಟರು.

ಸೋಮವಾರ ಸಂಜೆ ನಾಲ್ಕಕ್ಕೆ ಸೀಟಿನ ಪತ್ರಗಳನ್ನು ಚೀಲದಲ್ಲಿಟ್ಟುಕೊಂಡು ಹೋದೆ. ಮೆಟ್ಟಿಲು ಖಾಲಿ! ಗುಡಿಸಿ ನೀರು ಹಾಕಿ ತೊಳೆದಿದ್ದರು. ಗ್ರಿಲ್ ಗೇಟಿನ ಒಳಬದಿಗೆ ಹೊಸ ಬೀಗ ಹೊಳೆಯುತ್ತಿತ್ತು. ಮನಸ್ಸು ಹಗುರವಾಗಿ, ಎರಡೆರಡು ಮೆಟ್ಟಿಲು ಹತ್ತಿಕೊಂಡು ಮೇಲೆ ಹೋದೆ. ಆದರೆ ಘಾಟು ಕೆಳಗಿಗಿಂತ ಮೇಲೇ ಜಾಸ್ತಿಯಿತ್ತು.

ಹುಡುಗಿಯರು ಗೋಡೆಗೆ ಒರಗಿ ಪುಸ್ತಕ ಹಿಡಿದು ಕೂತಿದ್ದರು. ಯಾರೂ ತಲೆಯೆತ್ತಲಿಲ್ಲ. ಆರು ಹಾಸಿಗೆಗಳೂ ಕಿಟಕಿಯ ಕಡೆಗೆ ಒತ್ತರಿಸಿಕೊಂಡಿದ್ದವು. ರೂಮಿನ ಉಳಿದರ್ಧಕ್ಕೆ ಒಂದು ಹಳೇ ಸೀರೆಯನ್ನು ಪರದೆಯ ಹಾಗೆ ಕಟ್ಟಿದ್ದರು. ನಾನು ಸೀರೆಯನ್ನು ಪಕ್ಕಕ್ಕೆ ಸರಿಸಿದೆ. ಡ್ರಮ್ಮುಗಳೆಲ್ಲ ಅಲ್ಲಿದ್ದವು.

ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವವರು ಅನ್ನುತ್ತಾರಲ್ಲ, ಹಾಗೆ. ಮೆಟ್ಟಿಲ ಮೇಲೆ ಇರಬಾರದು ಅಂದಿದ್ದೆ, ಇರಲಿಲ್ಲ. ಬೀಗ ಒಳಗಿರಬೇಕು ಅಂದಿದ್ದೆ, ಇತ್ತು. "ಕೀ ಎಲ್ಲಿ?" ಎಂದು ಕೇಳಿದೆ. ಹಿಂದೆ ಬಂದು ನಿಂತಿದ್ದ ವಾರ್ಡನ್ ಸೊಂಟದ ಗೊಂಚಲನ್ನು ಮುಟ್ಟಿ ತೋರಿಸಿ, "ನನ್ನತ್ರಾನೇ ಮೇಡಂ, ಗ್ರಿಲ್ಲಿನ ಸಂದೀಲಿ ಕೈ ಹಾಕಿ ಬೀಗ ಹಾಕ್ತೀನಿ," ಅಂದರು. ಹೇಳುವಾಗ ಅವರ ಮುಖದಲ್ಲಿ ಕಪಟವೇ ಇರಲಿಲ್ಲ. ನಾನು ಹೇಳಿದ್ದನ್ನು ಅಕ್ಷರಶಃ ಮಾಡಿದ್ದೇನೆ ಎಂಬ ತೃಪ್ತಿ ಇತ್ತು.

ಸೀರೆಯ ಅಂಚು ನೆಲಕ್ಕೆ ತಾಗುವಲ್ಲಿ ಒಂದು ತಟ್ಟೆ ಇತ್ತು. ತಟ್ಟೆಯಲ್ಲಿ ಅರ್ಧ ಉರಿದ ಸೊಳ್ಳೆಬತ್ತಿ, ಸುತ್ತಲೂ ಸುರುಳಿಯಾಗಿ ಬಿದ್ದ ಬೂದಿ. ಹಿಂದಿನ ರಾತ್ರಿಯದು. ಬತ್ತಿಯಿಂದ ಡ್ರಮ್ಮಿಗೆ ನನ್ನ ಒಂದು ಗೇಣು.

ನಾನು ಕೆಳಗಿಳಿದೆ. ರಸ್ತೆ ದಾಟಿ ಸ್ಕೂಟರಿನ ಪಕ್ಕ ನಿಂತು ಮಕ್ಕಳ ಸಹಾಯವಾಣಿಗೆ ಫೋನು ಮಾಡಿದೆ. ಹೆಸರು, ವಿಳಾಸ, ಎಷ್ಟು ಮಕ್ಕಳು, ಎಷ್ಟು ಬಾಗಿಲು, ಎಲ್ಲ ಹೇಳಿದೆ. ಹೇಳುತ್ತಾ ತಲೆಯೆತ್ತಿದರೆ ಮಹಡಿಯ ಕಿಟಕಿಯಲ್ಲಿ ಎತ್ತರದ ಹುಡುಗಿ ಸರಳು ಹಿಡಿದುಕೊಂಡು ನಿಂತಿದ್ದಳು. ನಾನು ಯಾರ ಜೊತೆ ಮಾತಾಡುತ್ತಿದ್ದೇನೆ ಎಂದು ಅವಳಿಗೆ ಗೊತ್ತಾಗಿತ್ತು. ನಾನು ಫೋನು ಇಡಲಿಲ್ಲ. ನಾಳೆ ಬೆಳಿಗ್ಗೆ ಬರುತ್ತೇವೆ ಎಂದರು ಆ ಕಡೆಯವರು. ಇವತ್ತು ಬರದಿದ್ದರೆ ನಾನು ಇಲ್ಲಿಂದ ಕದಲುವುದಿಲ್ಲ ಎಂದೆ.

ಐದೂಮುಕ್ಕಾಲಿಗೆ ಜಿಲ್ಲಾ ಮಕ್ಕಳ ರಕ್ಷಣಾ ಕಚೇರಿಯ ಅಧಿಕಾರಿಣಿ ಜೀಪಿನಲ್ಲಿ ಬಂದರು. ಜೊತೆಗೆ ಅಗ್ನಿಶಾಮಕದವರೊಬ್ಬರು. ಅವರು ಒಂದು ಡ್ರಮ್ಮಿನ ಮುಚ್ಚಳ ಸಡಿಲಿಸಿ, ಎಣ್ಣೆಯನ್ನು ಬೆರಳಿಗೆ ಹಚ್ಚಿ ತಿಕ್ಕಿ ನೋಡಿ, ಕಿಟಕಿಯ ಸರಳು ಅಲ್ಲಾಡಿಸಿ, ಮೆಟ್ಟಿಲಿನ ಅಗಲವನ್ನು ಟೇಪಿನಲ್ಲಿ ಅಳೆದರು. ಆಮೇಲೆ ಸೊಳ್ಳೆಬತ್ತಿಯ ತಟ್ಟೆಯನ್ನು ಎತ್ತಿ ಹಿಡಿದು, "ಇದನ್ನ ದಿನಾ ಹಚ್ತೀರಾ ಮಕ್ಳೇ?" ಎಂದು ಕೇಳಿದರು. ಹುಡುಗಿಯರು ಹೂಂ ಅಂದರು. ಅವರು ಆ ತಟ್ಟೆಯನ್ನು ತಾವೇ ಕೆಳಗೆ ಹೊತ್ತುಕೊಂಡು ಹೋಗಿ ರಸ್ತೆಯಲ್ಲಿಟ್ಟು ಬಂದರು. ಮಕ್ಕಳನ್ನು ಇವತ್ತೇ ಇಲ್ಲಿಂದ ಖಾಲಿ ಮಾಡಿಸಿ ಎಂದು ಅಧಿಕಾರಿಣಿಗೆ ಹೇಳಿದರು.

ವಾರ್ಡನ್ ಕಟ್ಟೆಯ ಮೇಲೆ ಕೂತು ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದರು. "ನೀವು ಹೇಳ್ದಂಗೇ ಮಾಡಿದ್ನಲ್ಲ ಮೇಡಂ," ಎಂದು ನನ್ನನ್ನು ಕೇಳಿದರು.

ಹುಡುಗಿಯರು ಪೆಟ್ಟಿಗೆ, ಹಾಸಿಗೆ ಸುತ್ತಿಕೊಂಡು ರಸ್ತೆಗೆ ಬಂದು ಸಾಲಾಗಿ ನಿಂತರು. ಅಧಿಕಾರಿಣಿ ನಾಲ್ಕೈದು ಕಡೆ ಫೋನು ಮಾಡಿ, ಪುಸ್ತಕದಲ್ಲಿ ಏನೋ ಬರೆದುಕೊಂಡು ನನ್ನ ಹತ್ತಿರ ಬಂದರು. "ಸರ್ಕಾರಿ ಹಾಸ್ಟೆಲ್ಲಲ್ಲಿ ಐದು ಜಾಗ ಖಾಲಿ ಇದೆ ಮೇಡಂ. ಒಬ್ರನ್ನ ಸದ್ಯಕ್ಕೆ ಊರಿಗೆ ಕಳಿಸ್ಬೇಕಾಗುತ್ತೆ. ಪರೀಕ್ಷೆಗೆ ಮನೆಯಿಂದ ಬಂದು ಹೋಗ್ಲಿ, ಜೂನ್‌ಗೆ ನೋಡೋಣ. ನೀವು ಈ ಮಕ್ಕಳ ಅರ್ಜಿ ಎಲ್ಲಾ ನೋಡಿದೀರಲ್ವಾ, ಯಾರನ್ನ ಕಳಿಸ್ಬೋದು ಹೇಳಿ."

ಆರಿಸುವುದು ನನ್ನ ಕಸುಬು. ನೂರಾರು ಹಾಳೆಗಳನ್ನು ನೆಲದ ಮೇಲೆ ಹಾಸಿ ಇದು ಬೇಕು, ಇದು ಬೇಡ ಎಂದು ಒಂದು ಬೆಳಿಗ್ಗೆಯಲ್ಲಿ ಮುಗಿಸುವವಳು ನಾನು. ಅವತ್ತು ನನ್ನ ಮುಂದೆ ಇದ್ದದ್ದು ಆರು ಮುಖಗಳು. ಒಬ್ಬಳ ಹೆಸರು ಹೇಳಿದರೆ ಅವಳ ಓದು ಅಲ್ಲಿಗೆ ನಿಲ್ಲಬಹುದು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. "ನನ್ನ ಕೈಲಾಗಲ್ಲ," ಅಂದೆ. ಅಧಿಕಾರಿಣಿ ಗಡಿಯಾರ ನೋಡಿಕೊಂಡರು.

ಎತ್ತರದ ಹುಡುಗಿ ಸಾಲಿನಿಂದ ಒಂದು ಹೆಜ್ಜೆ ಮುಂದೆ ಬಂದಳು. "ನಾನ್ ಹೋಗ್ತೀನಿ ಮೇಡಂ. ಫೋನ್ ಮಾಡಿದ್ದು ನಾನಲ್ವಾ." ಉಳಿದ ಐದು ಹುಡುಗಿಯರು ಅವಳ ಕಡೆ ನೋಡುತ್ತಲೂ ಇರಲಿಲ್ಲ. ಅವಳಿಂದಲೇ ಇಷ್ಟೆಲ್ಲ ಆಯಿತು ಎಂದು ಅವರೊಳಗೆ ಆಗಲೇ ತೀರ್ಮಾನವಾಗಿತ್ತೋ ಏನೋ. ಚೀಲದಿಂದ ಸೀಟಿನ ಪತ್ರಗಳನ್ನು ತೆಗೆದು ಆರೂ ಜನಕ್ಕೆ ಕೊಟ್ಟೆ. ಅವಳು ತನ್ನದನ್ನು ಇಸಿದುಕೊಂಡು, ಓದದೆ, ನಾಲ್ಕು ಮಡಿಕೆ ಮಾಡಿ ಪೆಟ್ಟಿಗೆಯ ಸಂದಿಯಲ್ಲಿ ಸಿಕ್ಕಿಸಿದಳು. ಮಾತು ತಪ್ಪಿದೆ ಎಂದು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಪರೀಕ್ಷೆಗೆ ಅವಳು ಬರಲಿಲ್ಲ. ಶಿಬಿರಕ್ಕೆ ಐದು ಜನ ಬಂದರು, ಮೂರು ದಿನ ಮುದುಡಿಕೊಂಡು ಕೂತು, ನಾಲ್ಕನೇ ದಿನದಿಂದ ಎಲ್ಲ ಮಕ್ಕಳ ಹಾಗೇ ಗಲಾಟೆ ಶುರು ಮಾಡಿದರು. ಆರನೆಯ ಸೀಟನ್ನು ನಾನು ಯಾರಿಗೂ ಕೊಟ್ಟಿರಲಿಲ್ಲ. ವಾರ ಕಳೆದ ಮೇಲೆ, ಅಧಿಕಾರಿಣಿಯಿಂದ ನಂಬರು ತಗೊಂಡು ಅವಳ ಊರಿಗೆ ಫೋನು ಮಾಡಿದೆ. ಅವರಪ್ಪ ಎತ್ತಿದರು.

"ಕಳಿಸಿಕೊಡಿ, ಒಂದು ರೂಪಾಯಿಯೂ ಬೇಡ. ನಾನೇ ಬಂದು ಕರ್ಕೊಂಡು ಹೋಗ್ತೀನಿ," ಅಂದೆ. "ಜೂನಿಗೆ ಬೇರೆ ಹಾಸ್ಟೆಲ್ಲೂ ನೋಡ್ತೀನಿ."

"ಬ್ಯಾಡ ಕಣಮ್ಮ. ಎಣ್ಣೆ ಡ್ರಮ್ಮಿನ ಪಕ್ಕ ಮಲಗ್ಸಿ ಬೀಗ ಜಡೀತಿದ್ರಂತಲ್ಲ, ಆಪೀಸರಮ್ಮ ಕಾಗ್ದ ಓದಿ ಯೇಳುದ್ರು. ನೀವೇ ಪತ್ತೆ ಅಚ್ಚಿದ್ದಂತೆ. ದೇವ್ರು ನಿಮ್ನ ಚೆನ್ನಾಗಿಟ್ಟಿರ್ಲಿ. ಅದ್ನ ಕೇಳಿದ್ ಮ್ಯಾಲೆ ಇನ್ನೆಲ್ಲಿಗೂ ಕಳ್ಸಕ್ಕೆ ನನ್ ಎದೆ ಒಪ್ಪಾಕಿಲ್ಲ."

"ನಮ್ಮಲ್ಲಿ ಬೀಗ ಇಲ್ಲ ಅಣ್ಣ."

"ಬೀಗ ಇಲ್ದಿದ್ರೂ ಎದ್ರಿಕೆ ಕಣಮ್ಮ. ಮನೇಲೇ ಇರ್ಲಿ ಬುಡಿ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ನನ್ನ ಮೇಲೆ ನಿಜವಾದ ಕೃತಜ್ಞತೆ ಇತ್ತು. ಅದನ್ನು ಕೇಳಿಸಿಕೊಳ್ಳುವುದು ನನಗೆ ಕಷ್ಟವಾಯಿತು. ಮಗಳ ಹತ್ತಿರ ಒಂದು ನಿಮಿಷ ಮಾತಾಡುತ್ತೇನೆ ಎಂದೆ. ಫೋನು ಕೈ ಬದಲಾಯಿತು.

"ಮೇಡಂ, ಅಲ್ಲಿ ಬೆಂಕಿ ಬಿತ್ತಾ?" ಅಂದಳು. ಹೇಗಿದ್ದೀರಿ ಎಂದೂ ಕೇಳಲಿಲ್ಲ.

ಹಿಂದಿನ ದಿನವಷ್ಟೇ ನಾನು ಆ ರಸ್ತೆಯಲ್ಲಿ ಹೋಗಿದ್ದೆ. ಕಟ್ಟಡ ಹಾಗೇ ಇತ್ತು. ಮಹಡಿಯ ಕಿಟಕಿಯಲ್ಲಿ ಕಾಣುವ ಹಾಗೆ ರೂಮಿನ ತುಂಬ ಡ್ರಮ್ಮು, ಕೆಳಗೆ ಪ್ಯಾಕಿಂಗು, ಅದೇ ಘಾಟು.

"ಇಲ್ಲಮ್ಮ, ಏನೂ ಆಗಿಲ್ಲ."

"ಏನೂ ಆಗ್ಲೇ ಇಲ್ವಾ?"

"ಇಲ್ಲ."

"ಹಂಗಾದ್ರೆ ನಾನು ಅಲ್ಲೇ ಇರ್ಬೋದಿತ್ತಲ್ವಾ ಮೇಡಂ," ಅಂದಳು. "ಎಸ್ಸೆಸ್ಸೆಲ್ಸಿ ಮುಗಿಯೋಗಂಟ."

ಆ ಕಟ್ಟಡ ಸುಟ್ಟುಹೋಗಿದ್ದರೆ ಇವಳಿಗೆ ಹೇಳಲು ನನ್ನ ಹತ್ತಿರ ಒಂದು ಮಾತಾದರೂ ಇರುತ್ತಿತ್ತು ಎಂದು ಆ ಗಳಿಗೆಯಲ್ಲಿ ನನಗೆ ಅನಿಸಿತು. ಹಾಗೆ ಅನಿಸಿದ್ದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.